ಎಂಟು ಡಿಸ್ಕುಗಳ ಸರದಿ

ಕಂಚಿಗನಾಳಿನ ಕಿವಿ ಕಿವುಡಾಗಿ ಆರು ದಿನ ಕಳೆದಿತ್ತು. ಏಳನೆಯ ದಿನ, ಭಾನುವಾರ ಬೆಳಿಗ್ಗೆ, ಪಾಲಮ್ಮ ಕೆಲಸಕ್ಕೆ ಬಂದಾಗ ಕೇಂದ್ರದ ಗೇಟಿಗೆ ಚಪ್ಪಲಿ ಹಾರ ತೂಗುತ್ತಿತ್ತು. ಬೇಕಾಬಿಟ್ಟಿ ಕಟ್ಟಿದ್ದಲ್ಲ. ಲೈನಿಗೊಂದರಂತೆ ಒಂಬತ್ತು ಚಪ್ಪಲಿ, ನಡುನಡುವೆ ಬೇವಿನ ಸೊಪ್ಪು. ಆರನೆಯದು ಪಕ್ಕದ ಮನೆಯ ಗಾದ್ರಮ್ಮನದೆಂದು ಹಿಮ್ಮಡಿಯ ಹೊಲಿಗೆ ನೋಡಿಯೇ ಅವಳಿಗೆ ಗೊತ್ತಾಯಿತು. ವಾಚ್‌ಮನ್ ಹಾರ ಬಿಚ್ಚಲು ಹೋದ. ಇರಲಿ ಬಿಡು, ಈ ಯಂತ್ರದ ಯೋಗ್ಯತೆಗೆ ಇದೇ ಸರಿ ಎಂದು ಪಾಲಮ್ಮ ಒಳಗೆ ನಡೆದಳು.

ಕಾಗದಪತ್ರದಲ್ಲಿ ಅದರ ಹೆಸರು ಭೂಶ್ರವಣ ಕೇಂದ್ರ. ಊರವರ ಬಾಯಲ್ಲಿ ಬರೀ ಕಿವಿ. ಕಂಚಿಗನಾಳಿನ ತಾಮ್ರದ ಗಣಿ ಮುಚ್ಚಿ ನಲವತ್ತು ವರ್ಷವಾಗಿತ್ತು. ತಾಮ್ರ ಹೋಯಿತು, ಕಂಪನಿ ಹೋಯಿತು, ಜನ ಮಾತ್ರ ಎಲ್ಲಿಗೂ ಹೋಗದೆ ಗಣಿ ಕಾರ್ಮಿಕರಿಗೆಂದು ಕಟ್ಟಿದ್ದ ಒಂಬತ್ತು ಸಾಲು ಮನೆಗಳಲ್ಲೇ ಉಳಿದರು. ಆ ಸಾಲುಗಳಿಗೇ ಲೈನು ಎನ್ನುವುದು. ಲೈನುಗಳ ಕೆಳಗೆ ನೆಲವೆಂಬುದು ಅರ್ಧ ನೆಲ, ಅರ್ಧ ಟೊಳ್ಳು. ಟೊಳ್ಳಿನಲ್ಲಿ ನೀರು ನಿಂತು ಬಂಡೆ ನೆನೆದು, ಆಗೀಗ ಒಳಗೇ ಸಿಡಿಯುತ್ತಿತ್ತು. ಆ ಸದ್ದನ್ನು ನೆಲದಲ್ಲಿ ಹೂತ ಇನ್ನೂರು ಕಿರಿ ಯಂತ್ರಗಳು ಹಗಲೂ ರಾತ್ರಿ ಆಲಿಸುತ್ತಿದ್ದವು. ಇವತ್ತಿನ ಸದ್ದನ್ನು ಮೂವತ್ತೊಂದು ವರ್ಷದ ಹಳೆಯ ಸದ್ದಿನ ಜೊತೆ ಹೋಲಿಸಿ, ಯಾವ ಲೈನಿನ ಕೆಳಗೆ ಬಂಡೆ ಎಂದಿನಂತಿಲ್ಲವೋ ಆ ಲೈನಿಗೆ ಸೈರನ್ ಕೂಗಿಸುವುದು ಕಿವಿಯ ಕೆಲಸ. ಕಿವಿ ಕೆಂಪು ಚೀಟಿ ಕೊಟ್ಟರೆ ಜಿಲ್ಲಾಡಳಿತ ಒಂದು ತಾಸಿನಲ್ಲಿ ಬಸ್ಸು ಕಳಿಸಲೇಬೇಕೆಂಬುದು ಕಾನೂನು. ಚೀಟಿ ಇಲ್ಲದಿದ್ದರೆ ಸೈಕಲ್ಲೂ ಬರುವುದಿಲ್ಲ.

ಇಷ್ಟೆಲ್ಲ ಇದ್ದೂ ಇಪ್ಪತ್ತೆರಡು ವರ್ಷದ ಹಿಂದೆ, ಹಬ್ಬದ ದಿನ, ಮೂರನೇ ಲೈನಿನ ಅರ್ಧ ಹಾಡಹಗಲೇ ಕುಸಿಯಿತು. ಸೈರನ್ ಕೂಗಲಿಲ್ಲ. ಹದಿನಾಲ್ಕು ಜನ ಹೋದರು. ಅಲ್ಲಿದ್ದ ತಮ್ಮ ಹಳೆಯ ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಪಾಲಮ್ಮನ ಅವ್ವ ಅವರಲ್ಲೊಬ್ಬಳು. ವಿಚಾರಣೆ ನಡೆದು, ಯಂತ್ರಕ್ಕೂ ಒಮ್ಮೊಮ್ಮೆ ಕೇಳಿಸದೆ ಹೋಗುತ್ತದೆ ಎಂದು ವರದಿ ಬಂತು. ಹತ್ತೊಂಬತ್ತರ ಪಾಲಮ್ಮ ಆ ಮಾತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಂಪ್ಯೂಟರ್ ಓದಿ, ಅದೇ ಕೇಂದ್ರದಲ್ಲಿ ತಂತ್ರಜ್ಞೆಯಾಗಿ ಸೇರಿಕೊಂಡಳು. ಜನ ಅದನ್ನು ಸೇವೆ ಎಂದರು. ಅಸಲು ವಿಷಯ ಹಗೆ. ಅವ್ವನ ಸಾವು ಕೇಳಿಸದ ಆ ಕಬ್ಬಿಣದ ಕಪಾಟನ್ನು ದಿನಾ ಎದುರಿಗಿಟ್ಟುಕೊಂಡು ಹಗೆ ಸಾಧಿಸುತ್ತಿದ್ದಳು. ಅದಕ್ಕೆ ಗೊತ್ತಾಗುತ್ತಿತ್ತೋ ಇಲ್ಲವೋ, ಅವಳಿಗಂತೂ ಸಮಾಧಾನವಿತ್ತು.

ಈಗಿನ ಫಜೀತಿ ಶುರುವಾದದ್ದು ಹೊಸ ಆಪರೇಟಿಂಗ್ ಸಿಸ್ಟಂನಿಂದ. ಸಾರ್ವಜನಿಕ ಯಂತ್ರಗಳೆಲ್ಲ ಇನ್ನು ಮುಂದೆ ಯಾರು ಬೇಕಾದರೂ ಒಳಹೊಕ್ಕು ನೋಡಬಹುದಾದ ಮುಕ್ತ ತಂತ್ರಾಂಶದಲ್ಲೇ ನಡೆಯಬೇಕೆಂದು ಸರ್ಕಾರ ಆಜ್ಞೆ ಮಾಡಿತ್ತು. ಒಳ್ಳೆಯ ಆಜ್ಞೆಯೇ. ಪ್ರಪಂಚದ ನಾನಾ ಮೂಲೆಯ ಜನ ಸೇರಿ ಬರೆದ 'ಬಯಲು' ಎಂಬ ಸಿಸ್ಟಂ ಅನ್ನು ಪಾಲಮ್ಮನೇ ಕಿವಿಗೆ ಹಾಕಿದಳು. ಅದಕ್ಕಾಗಿ ಯಂತ್ರವನ್ನು ಎರಡು ದಿನ ಪೂರ್ತಿ ಆರಿಸಿಟ್ಟಳು. ಮತ್ತೆ ಹೊತ್ತಿಸಿದಾಗ ಬಯಲು ಪರದೆಯ ಮೇಲೆ ತಣ್ಣಗೆ ಒಂದು ಸಾಲು ಬರೆಯಿತು. ಡಿಸ್ಕುಗಳು: ಸೊನ್ನೆ.

ಡಿಸ್ಕುಗಳು ಎಲ್ಲಿಗೂ ಹೋಗಿರಲಿಲ್ಲ. ಎಂಟಕ್ಕೆ ಎಂಟೂ ಕಪಾಟಿನ ಗೂಡುಗಳಲ್ಲಿ ಗಿರ್ ಎನ್ನುತ್ತಿದ್ದವು. ಆದರೆ ಅವು ನೇರವಾಗಿ ಯಾರ ಜೊತೆಗೂ ಮಾತಾಡುವ ಜಾತಿಯಲ್ಲ. ನಡುವೆ ಕಂಟ್ರೋಲರ್ ಎಂಬ ಕಾರ್ಡು ಕೂತಿರುತ್ತದೆ. ಆ ಕಾರ್ಡಿನ ಭಾಷೆ ತಿಳಿದ ಡ್ರೈವರ್ ಎಂಬ ತುಣುಕು ಸಿಸ್ಟಂನಲ್ಲಿರಬೇಕು. ಕಾರ್ಡು ಮಾಡಿದ ಕಂಪನಿ ಮುಳುಗಿ ಯಾವ ಕಾಲವಾಯಿತೋ. ಇನ್ನು ಡ್ರೈವರನ್ನು ಹನ್ನೊಂದು ವರ್ಷದ ಹಿಂದೆಯೇ ಬಯಲಿನಿಂದ ಕಿತ್ತೆಸೆದಿದ್ದರು. ಕಿತ್ತವನು ಡಿಸ್ಕುಗಳ ವಿಭಾಗ ನೋಡಿಕೊಳ್ಳುವ ಯೋರಿಸ್ ಎಂಬಾತ.

ಪಾಲಮ್ಮ ಹಳೆಯ ಸಂಗ್ರಹದಿಂದ ಆ ಡ್ರೈವರನ್ನು ಹೆಕ್ಕಿ ತಂದು, ಹೊಸ ಬಯಲಿಗೆ ಒಗ್ಗಿಸಲು ಮೂರು ದಿನ ಹೆಣಗಿದಳು. ಒಂದು ತಪ್ಪು ತಿದ್ದಿದರೆ ಮೂರು ತಪ್ಪು ಎದ್ದು ನಿಲ್ಲುತ್ತಿದ್ದವು. ನಾಲ್ಕನೆಯ ದಿನ ಪರದೆ ಬೇರೆ ಮಾತಾಡಿತು. ಡಿಸ್ಕುಗಳು: ಎಂಟು. ಸರಣಿ: ಅಮಾನ್ಯ. ಎಂಟೂ ಕಾಣುತ್ತಿವೆ, ಒಂದೂ ಓದಲು ಬರುತ್ತಿಲ್ಲ. ಅವಳು ಎಲ್ಲ ವಿವರ ಸೇರಿಸಿ ಯೋರಿಸ್‌ನಿಗೆ ಬರೆದಳು. ಅವನ ಉತ್ತರ ಆ ಭಾನುವಾರ ಬೆಳಿಗ್ಗೆ ಬಂದು ಕೂತಿತ್ತು.

ಮನುಷ್ಯನಿಗೆ ನಮಸ್ಕಾರ ಹೇಳುವ ಅಭ್ಯಾಸವೂ ಇದ್ದಂತಿಲ್ಲ. ಸತ್ತ ಕಾರ್ಡಿಗೆ ಜೀವ ತುಂಬುವವರ ಕಾಟ ತನಗೆ ಸಾಕಾಗಿದೆ ಎಂದೇ ಶುರುಮಾಡಿದ್ದ. ಆಮೇಲೆ ಬರೆದದ್ದು ಇಷ್ಟು: ನಿಮ್ಮ ಹಳೆಯ ಸದ್ದನ್ನು ಸೀರೆಯ ಹಾಗೆ ಉದ್ದಕ್ಕೆ ಹರಿದು ಎಂಟು ಡಿಸ್ಕುಗಳಿಗೆ ಹಂಚಿದೆ, ಯಾವುದರ ಪಕ್ಕ ಯಾವುದು ಎಂಬ ಸರದಿ ಸರಿಯಿದ್ದರೆ ಮಾತ್ರ ಅದು ಮತ್ತೆ ಸೀರೆ. ಆ ಸರದಿಯನ್ನು ಕಾರ್ಡು ತನ್ನ ನೆನಪಿನಲ್ಲಿ ಇಟ್ಟುಕೊಂಡಿತ್ತು, ನೆನಪನ್ನು ಒಂದು ಪುಟ್ಟ ಬ್ಯಾಟರಿ ಕಾಯುತ್ತಿತ್ತು. ನೀವು ಎರಡು ದಿನ ಆರಿಸಿಟ್ಟಿರಿ, ಮುದಿ ಬ್ಯಾಟರಿ ಸತ್ತಿತು. ಈಗ ಕಾರ್ಡು ಗೂಡಿನ ಸಾಲನ್ನೇ ಸರದಿ ಎಂದು ನಂಬಿದೆ. ಆ ಸರದಿ ತಪ್ಪು ಎಂದು ಪರದೆ ಅನ್ನುತ್ತಿದೆಯೆಂದರೆ ನಿಮ್ಮಲ್ಲಿ ಯಾರೋ ಡಿಸ್ಕುಗಳನ್ನು ಹೊರತೆಗೆದು ಅದಲುಬದಲು ಮಾಡಿ ಸಿಕ್ಕಿಸಿದ್ದಾರೆ. ನನ್ನ ಹಳೆಯ ಡ್ರೈವರ್ ಇಂಥ ಕಡೆ ಸರದಿಯನ್ನು ಊಹಿಸಿ ಬರೆಯಲು ಹೋಗಿ ಒಂದು ಊರಿನ ನಲವತ್ತು ವರ್ಷದ ದಾಖಲೆಯನ್ನು ಅಳಿಸಿಹಾಕಿತು. ಅದಕ್ಕೇ ಕಿತ್ತದ್ದು. ಕೈ ಹಾಕಿದವನನ್ನು ಹುಡುಕಿ ಕೇಳಿ, ನನ್ನನ್ನು ಕೇಳಬೇಡಿ.

ಪಾಲಮ್ಮ ಮನಸ್ಸಿನಲ್ಲೇ ಅವನಿಗೆ ಅಚ್ಚ ಕನ್ನಡದಲ್ಲಿ ಬೈದಳು. ಈ ಕೋಣೆಗೆ ಬೀಗವಿದೆ, ಡಿಸ್ಕು ಮುಟ್ಟಕೂಡದೆಂಬ ಫಲಕವಿದೆ, ಯಾವನು ಕೈ ಹಾಕುತ್ತಾನೆ ಎಂದುಕೊಂಡೇ ಯಂತ್ರ ಆರಿಸಿ, ಮೊದಲ ಗೂಡಿನ ಡಿಸ್ಕನ್ನು ಎಳೆದಳು. ಒಳಮೈಯ ಮೇಲೆ ಒಣಗಿದ ಗಂಧ. ಗಂಧದ ನಡುವೆ ಕುಂಕುಮ. ಎರಡನೆಯದಕ್ಕೂ ಇತ್ತು, ಮೂರನೆಯದಕ್ಕೂ ಇತ್ತು. ಎಂಟಕ್ಕೂ ಪದರದ ಮೇಲೆ ಪದರವಾಗಿ, ವರ್ಷ ವರ್ಷ ಇಟ್ಟ ಬೊಟ್ಟು.

ಆಯುಧಪೂಜೆ. ಕೇಂದ್ರದಲ್ಲಿ ಆ ಪೂಜೆ ಮಾಡುತ್ತಿದ್ದ ಮನುಷ್ಯ ಒಬ್ಬನೇ. ಅವನು ಆ ಹೊತ್ತಿಗೆ ಅವಳ ಮನೆಯಲ್ಲೇ ಮಣೆ ಹಾಕಿಕೊಂಡು ಕೂತಿದ್ದ.

ಅವಳು ಹೊರಡುವಷ್ಟರಲ್ಲಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಶಶಿಭೂಷಣ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಮೇಲಿನವರ ಪತ್ರ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ಡಿಸ್ಕುಗಳಿಗೆ ಎಳ್ಳುನೀರು ಬಿಟ್ಟು, ಹೊಸ ಡಿಸ್ಕು ಹಾಕಿ, ಕಿವಿಗೆ ಮೊದಲಿನಿಂದ ಕಲಿಸುವುದೆಂದು ತೀರ್ಮಾನವಾಗಿದೆ ಎಂದ. ಸಂಜೆಯೊಳಗೆ ಒಂಬತ್ತೂ ಲೈನಿಗೆ ಹಸಿರು ದೀಪ, ಜನರ ಬಾಯಿಗೂ ಬೀಗ. ಗುರುವಾರ ಆರನೇ ಲೈನು ನಡುಗಿ ಗೋಡೆಗಳು ಸೀಳಿರುವುದನ್ನು ಪಾಲಮ್ಮ ನೆನಪಿಸಿದಳು. ಇವತ್ತಿನಿಂದ ಕಲಿಸಿದರೆ ಯಂತ್ರ ಈ ನಡುಕವನ್ನೇ ಆರೋಗ್ಯವೆಂದು ಕಲಿಯುತ್ತದೆ, ಜ್ವರ ಬಂದ ದಿನ ಮೈ ಮುಟ್ಟಿ ಇದೇ ಮಾಮೂಲು ಬಿಸಿ ಅಂದ ಹಾಗೆ ಎಂದಳು. ಸರದಿಗಳನ್ನು ಒಂದೊಂದಾಗಿ ಹಾಕಿ ನೋಡಬಾರದೇ ಎಂದು ಅವನು ಕೇಳಿದ. ಎಂಟು ಡಿಸ್ಕಿಗೆ ನಲವತ್ತು ಸಾವಿರದ ಮುನ್ನೂರಿಪ್ಪತ್ತು ಸರದಿ, ಒಂದೊಂದಕ್ಕೂ ಆ ಕಾರ್ಡು ನಾಲ್ಕು ನಿಮಿಷ ತಿನ್ನುತ್ತದೆ, ಒಟ್ಟು ನೂರ ಹನ್ನೆರಡು ದಿನ ಎಂದು ಅವಳು ಹೇಳಿದಳು. ಹಾಗಾದರೆ ನಾಳೆ ಹನ್ನೆರಡು ಎಂದು ಅವನು ಕೈ ತೊಳೆದುಕೊಂಡು ಹೋದ.

ಪಾಲಮ್ಮನ ಅಪ್ಪ ಬೋರಯ್ಯ ಕೇಂದ್ರದಲ್ಲಿ ಅಟೆಂಡರ್ ಆಗಿದ್ದವನು. ಈಗ ಎಪ್ಪತ್ತೆಂಟು. ಮನೆಯಲ್ಲಿರುವುದು ಇಬ್ಬರೇ, ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಊಟದ ಮೇಜು, ಕುರ್ಚಿ ಎಲ್ಲ ಇದ್ದರೂ ಮುದುಕ ಒಂದು ಹಲಸಿನ ಮಣೆಯ ಮೇಲೆಯೇ ಕೂರುತ್ತಿದ್ದ. ಆ ಮಣೆಯನ್ನು ಬೇರೆ ಯಾರೂ ಎತ್ತುವಂತಿಲ್ಲ, ತೊಳೆಯುವಂತಿಲ್ಲ. ತನ್ನ ಕೈಯಾರೆ ಒರೆಸಿ ಗೋಡೆಗೆ ಮುಖ ಮಾಡಿ ಇಡುತ್ತಿದ್ದ. ಆರನೇ ಲೈನಿನ ಆ ಮನೆಯ ಅಡುಗೆಕೋಣೆಯಲ್ಲಿ ಗುರುವಾರದಿಂದ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅದಕ್ಕೂ ಅವನು ಮಗಳನ್ನೇ ಬಯ್ಯುತ್ತಿದ್ದ. ಚೆನ್ನಾಗಿದ್ದ ಯಂತ್ರಕ್ಕೆ ಯಾವುದೋ ಬಯಲು ಗಿಯಲು ತಂದು ತುರುಕಿದಳು ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಅವಳು ಚಪ್ಪಲಿ ಬಿಡದೆಯೇ ಒಳಗೆ ಬಂದು, ಡಿಸ್ಕುಗಳನ್ನು ಹೊರತೆಗೆದು ಪೂಜೆ ಮಾಡಿದ್ದು ನಿಜವೋ ಸುಳ್ಳೋ ಎಂದು ಕೇಳಿದಳು. ಬೋರಯ್ಯ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ. ಕಪಾಟಿನ ಬಾಗಿಲಿಗೆ ಇಟ್ಟ ಕುಂಕುಮ ಗಾಳಿಗೆ ಒಳಗೆ ಹೋಗಿರಬೇಕು ಎಂದ.

"ಗಾಳಿ ಗಂಧ ತೇಯ್ತದಾ ಅಪ್ಪ? ಎಂಟಕ್ಕೂ ಸರಿಯಾಗಿ ನಡುಮಧ್ಯಕ್ಕೆ ಬೊಟ್ಟು ಇಡ್ತದಾ?"

"ನಾ ಏನೂ ಮುಟ್ಟಿಲ್ಲ. ನೀ ಕೆಡಿಸಿದ್ದನ್ನ ನನ್ ತಲೆಗೆ ಕಟ್ಟಬ್ಯಾಡ."

ಆಮೇಲೆ ಇಬ್ಬರೂ ಆಡಿದ್ದು ಆಡಬಾರದ ಮಾತು. ಅವನು ಅವಳ ಓದನ್ನು ಹಳಿದ, ಅವಳು ಅವನ ಹದಿಮೂರು ವರ್ಷದ ನೌಕರಿಯನ್ನು ಗಾಳಿಗೆ ತೂರಿದಳು. ಅವ್ವನನ್ನು ಕೊಂದ ಯಂತ್ರಕ್ಕೆ ಆರತಿ ಎತ್ತಿದವನು ನೀನು ಎಂದೂ ಅಂದಳು. ಆ ಮಾತಿಗೆ ಬೋರಯ್ಯನ ದವಡೆ ನಿಂತಿತು. ಎದ್ದು, ಮಣೆಯನ್ನು ಎದೆಗೊತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮುದುಕನಿಗೆ ಮಗಳಿಗಿಂತ ಮಣೆ ಹೆಚ್ಚಾಯಿತೆಂದು ಪಾಲಮ್ಮ ಹಲ್ಲು ಕಡಿದಳು. ಅವಳಿಗೆ ತಾಳ್ಮೆ ಇದ್ದಿದ್ದರೆ ಮಣೆಯನ್ನೂ ಪೂಜೆಯನ್ನೂ ಕೂಡಿಸಿ ಯೋಚಿಸುತ್ತಿದ್ದಳು. ಅಂದು ತಲೆಯಲ್ಲಿದ್ದದ್ದು ಸರದಿ ಮತ್ತು ನಾಳೆಯ ಹನ್ನೆರಡು ಗಂಟೆ, ಬೇರೇನೂ ಇಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನೆಲ ಇನ್ನೊಮ್ಮೆ ನಡುಗಿತು. ನಾಗಂದಿಗೆಯ ಮೇಲಿನ ಡಬ್ಬಗಳು ಕುಣಿದವು. ಹೊರಗೆ ಗಾದ್ರಮ್ಮ, ನಿಮ್ಮ ಮನೆ ಹಾಳಾಗ ಎಂದು ಕೇಂದ್ರದ ದಿಕ್ಕಿಗೆ ಮುಖ ಮಾಡಿ ಶಾಪ ಹಾಕುತ್ತಿದ್ದಳು. ಬೋರಯ್ಯ ಮಣೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಇವತ್ತು ಡಿಸ್ಕುಗಳನ್ನು ಗುಜರಿಗೆ ಹಾಕುತ್ತಾರೆ, ನಿನಗೆ ಸಂತೋಷವಾಗಿರಬೇಕು ಎಂದಳು ಪಾಲಮ್ಮ. ಅವನ ಮುಖದಲ್ಲಿ ಕ್ಷಣಮಾತ್ರ ಸಂತೋಷವೇ ಕಂಡಿತು. ಅದನ್ನು ಅವಳು ನೋಡಿದಳು, ಮೈ ಉರಿದುಹೋಯಿತು.

"ಇವತ್ತಿನ ನಡುಕಾನೇ ಸರಿ ಅಂತ ಕಲೀತದೆ ಅದು. ಇನ್ ಮ್ಯಾಲೆ ಆರನೇ ಲೈನಿಗೆ ಯಾವತ್ತೂ ಸೈರನ್ ಕೂಗಲ್ಲ. ಬೀಳೋವಾಗಲೂ ಕೂಗಲ್ಲ. ತಿಳೀತಾ?"

ರೊಟ್ಟಿ ಅವನ ಕೈಯಲ್ಲೇ ಉಳಿಯಿತು. ಕೂಗೋದೇ ಇಲ್ಲವಾ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಇಲ್ಲ ಎಂದಳು. ಗಾದ್ರಮ್ಮನ ಮನೆಗೂ ಇಲ್ಲವಾ ಎಂದ. ಯಾರ ಮನೆಗೂ ಇಲ್ಲ ಎಂದಳು. ಮುದುಕ ತಟ್ಟೆ ಸರಿಸಿದ. ಗೋಡೆ ಹಿಡಿದು ಎದ್ದು, ಮಣೆಯನ್ನು ಕಾಲಿನಿಂದಲೇ ಮಗುಚಿ, ಅವಳ ಕಡೆಗೆ ನೂಕಿದ.

ಮಣೆಯ ಅಡಿಯಲ್ಲಿ ಮೊಳೆಯಿಂದ ಕೊರೆದ ಎಂಟು ಚೌಕ. ಒಂದೊಂದು ಚೌಕದಲ್ಲಿ ನಾಲ್ಕು ಅಂಕೆ. ಪೂಜೆಗೆ ಡಿಸ್ಕುಗಳನ್ನು ಸಾಲಾಗಿ ಇಡುತ್ತಿದ್ದದ್ದು ಈ ಮಣೆಯ ಮೇಲೆಯೇ. ಸರದಿ ತಪ್ಪದಿರಲೆಂದು ಮೊದಲ ವರ್ಷವೇ ಪ್ರತಿ ಡಿಸ್ಕಿನ ನಂಬರಿನ ಕೊನೆಯ ನಾಲ್ಕು ಅಂಕೆ ಕೊರೆದಿದ್ದೆ ಎಂದ. ಆ ಒಂದು ದಿನ ಹತಾರಕ್ಕೆ ಕೆಲಸ ಕೊಡಬಾರದಲ್ಲ, ಯಂತ್ರಕ್ಕೂ ಅರ್ಧ ಗಂಟೆ ವಿಶ್ರಾಂತಿ ಕೊಡುತ್ತಿದ್ದೆವು, ಆಗಿನ ಎಂಜಿನಿಯರೂ ಕೈಮುಗಿದು ನಿಲ್ಲುತ್ತಿದ್ದರು ಎಂದ.

ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವನು ಸರದಿ ಹೇಗೆ ತಪ್ಪಿಸಿದೆ ಎಂದು ಪಾಲಮ್ಮ ಕೇಳಿದಳು.

"ಹೋಗಿ ಓದು. ಯಂತ್ರದೊಳಗೆ ಎಲ್ಲ ಬರ್ದಿರ್ತದೆ."

ಅವಳು ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಚಪ್ಪಲಿ ಹಾರದ ಕೆಳಗೆ ಆಗಲೇ ಐವತ್ತು ಜನ ಸೇರಿದ್ದರು. ಒಬ್ಬ, ಇನ್ನೇನು ಪೂಜೆಗೆ ಕೂರ್ತೀಯಾ ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಣೆಯನ್ನು ನೆಲದ ಮೇಲೆ ಮಗುಚಿಟ್ಟು, ಅಂಕೆ ನೋಡಿ ನೋಡಿ ಎಂಟು ಡಿಸ್ಕುಗಳನ್ನು ಗೂಡಿಗೆ ಸೇರಿಸಿದಳು. ಐದು ಡಿಸ್ಕುಗಳು ತಪ್ಪು ಗೂಡಿನಲ್ಲಿದ್ದವು. ಬರೆಯುವ ದಾರಿಯನ್ನೆಲ್ಲ ಡ್ರೈವರಿನಿಂದ ಕತ್ತರಿಸಿ, ಓದಲು ಮಾತ್ರ ಬಿಟ್ಟು ಯಂತ್ರ ಹೊತ್ತಿಸಿದಳು. ನಾಲ್ಕು ನಿಮಿಷ ಅವಳು ಆ ಕಪಾಟಿನ ಮುಂದೆ ನಿಂತಳು. ಸರಣಿ: ಸರಿ.

ಮೂವತ್ತೊಂದು ವರ್ಷದ ಸದ್ದು ಪರದೆಯ ಮೇಲೆ ನದಿಯಂತೆ ಹರಿಯತೊಡಗಿತು. ಹತ್ತೂವರೆಗೆ ಬಯಲು ಹೋಲಿಕೆ ಮುಗಿಸಿತು. ಆರನೇ ಲೈನಿನ ಹೆಸರು ಕೆಂಪಾಯಿತು. ಏಳು ದಿನ ಸತ್ತಂತಿದ್ದ ಸೈರನ್ ಊರೆಲ್ಲ ನಡುಗುವಂತೆ ಕೂಗಿತು. ಗೇಟಿನ ಹೊರಗಿದ್ದ ಜನ ಬೈಗುಳ ಅರ್ಧಕ್ಕೆ ಬಿಟ್ಟು ಮನೆಗಳ ಕಡೆ ಓಡಿದರು. ಶಶಿಭೂಷಣ ಹೊಸ ಡಿಸ್ಕುಗಳ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಸ್ಸಿಗೆ ಫೋನ್ ಮಾಡಿ ಸಾರ್ ಎಂದು ಪಾಲಮ್ಮ ಅವನತ್ತ ನೋಡದೆಯೇ ಹೇಳಿದಳು.

ನೋಡದೆ ಇದ್ದದ್ದು ಯಾಕೆಂದರೆ ಪರದೆಯ ಕೆಳಗೆ ಇನ್ನೊಂದು ಪಟ್ಟಿ ಬಂದಿತ್ತು. ದಾಖಲೆಯಲ್ಲಿ ಒಂಬತ್ತು ತೆರಪು ಸಿಕ್ಕಿವೆ, ಕಾರಣ ನಮೂದಿಸಿ ಎಂದು ಬಯಲು ಕೇಳುತ್ತಿತ್ತು. ಮೊದಲ ಒಂಬತ್ತು ವರ್ಷ, ವರ್ಷಕ್ಕೊಂದು ತೆರಪು, ಎಲ್ಲವೂ ಆಯುಧಪೂಜೆಯ ಬೆಳಿಗ್ಗೆ. ಎಂಟು ಸಲ ಅರ್ಧ ಗಂಟೆ. ಒಂಬತ್ತನೆಯದು ನಲವತ್ತೆರಡು ನಿಮಿಷ. ಅದು ಶುರುವಾಗುವ ಮುನ್ನ ಮೂರನೇ ಲೈನಿನ ಕೆಳಗಿನ ಸದ್ದು ಒಂದೇ ಸಮನೆ ಏರುತ್ತಿತ್ತು. ಇನ್ನು ಐದೇ ನಿಮಿಷ ಬಿಟ್ಟಿದ್ದರೆ ಸೈರನ್ ಕೂಗುತ್ತಿತ್ತು. ಆಮೇಲೆ ಖಾಲಿ. ತೆರಪು ಮುಗಿದು ಸದ್ದು ಮತ್ತೆ ಶುರುವಾಗುವ ಹೊತ್ತಿಗೆ ಅವ್ವ ಇರಲಿಲ್ಲ. ಅದಾದ ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಅಂಥ ತೆರಪು ಒಂದೂ ಇಲ್ಲ.

ಕುಸಿತದ ಸದ್ದಿಗೆ ಬೆಚ್ಚಿ, ಪೂಜೆಯ ಮಣೆಯಿಂದ ಡಿಸ್ಕುಗಳನ್ನು ಬಾಚಿಕೊಂಡು ಸಿಕ್ಕ ಸಿಕ್ಕ ಗೂಡಿಗೆ ತುರುಕುವ ಕೈಗಳು ಅವಳ ಕಣ್ಣಿಗೆ ಕಟ್ಟಿದವು. ಅವತ್ತು ಬ್ಯಾಟರಿ ಜೀವಂತವಿತ್ತು, ಕಾರ್ಡು ಎಲ್ಲವನ್ನೂ ಗುರುತು ಹಿಡಿಯಿತು, ಯಾರಿಗೂ ಏನೂ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಹಗೆ ಸಾಧಿಸಿದ್ದು ಯಂತ್ರದ ಮೇಲೆ. ಯಂತ್ರ ಕೇಳಿಸಿಕೊಳ್ಳುತ್ತಲೇ ಇತ್ತು. ಪಾಲಮ್ಮನಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದನ್ನು ಇಡಲು ಜಾಗವಿರಲಿಲ್ಲ. ಬೇಕಾದರೆ ತೆರಪುಗಳನ್ನು ಅಂದಾಜಿನ ಸದ್ದಿನಿಂದ ತುಂಬಲೇ ಎಂದು ಬಯಲು ಕೇಳಿತು. ಬೇಡ ಎಂದು ಒತ್ತಿ, ಕಾರಣದ ಜಾಗದಲ್ಲಿ ಎರಡು ಸಾಲು ಟೈಪ್ ಮಾಡಿ, ಉಳಿಸಿ, ಎದ್ದಳು. ತಿದ್ದಿದ ಡ್ರೈವರನ್ನು ಯೋರಿಸ್‌ನಿಗೂ ಕಳಿಸಿದಳು. ಅವನು ಅಷ್ಟೇ ಒರಟಾಗಿ ಒಂದು ಸಾಲು ಬರೆದ. ಸೇರಿಸುತ್ತೇನೆ, ಓದಲು ಮಾತ್ರ.

ಆರನೇ ಲೈನಿನಲ್ಲಿ ಬಸ್ಸುಗಳು ನಿಂತಿದ್ದವು. ಗಾದ್ರಮ್ಮ ಕೋಳಿಗಳನ್ನು ಮಂಕರಿಯಲ್ಲಿ ಮುಚ್ಚಿಕೊಂಡು ಹತ್ತುತ್ತಿದ್ದಳು. ಬೋರಯ್ಯ ಮಾತ್ರ ಮನೆಯ ಬಾಗಿಲಲ್ಲಿ ಬರೀ ನೆಲದ ಮೇಲೆ ಕೂತಿದ್ದ. ಅವಳ ಕಂಕುಳಲ್ಲಿದ್ದ ಮಣೆಯನ್ನು ನೋಡಿದ, ಅವಳ ಮುಖ ನೋಡಲಿಲ್ಲ.

"ಓದ್ದ್ಯಾ?"

"ಓದ್ದೆ. ನಲವತ್ತೆರಡು ನಿಮಿಷ."

ಅವನು ತಲೆಯಾಡಿಸಿದ. ವಿಚಾರಣೆಯಲ್ಲಿ ಎಲ್ಲರೂ ಯಂತ್ರ ಆರಿಸಿದ್ದನ್ನು ಮುಚ್ಚಿಟ್ಟರು, ನಾನೂ ಸುಮ್ಮನಾದೆ ಎಂದ. ನೀನು ಆ ಯಂತ್ರವನ್ನು ಬೈದಾಗಲೆಲ್ಲ ನನಗೆ ಬೈದ ಹಾಗೇ ಆಗುತ್ತಿತ್ತು ಎಂದ. ಆಮೇಲೆ ಬಸ್ಸಿನ ಕಡೆ ಕೈ ಬೀಸಿ, "ನೀ ಹೋಗು. ನಾ ಬರಲ್ಲ. ನಿಮ್ಮವ್ವ ಹೋದಂಗೇ ಹೋಗ್ತೀನಿ" ಎಂದ.

"ಅವ್ವ ಸೈರನ್ ಕೇಳಿ ಕೂತಿರ್ಲಿಲ್ಲ. ಅವಳಿಗೆ ಕೂಗೇ ಇರ್ಲಿಲ್ಲ. ನಿನಗೆ ಕೂಗ್ತಾ ಐತೆ. ಏಳು."

ಅವನು ಏಳಲಿಲ್ಲ. ಅವಳು ಬಗ್ಗಿ, ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಆ ಹಿಡಿತದಲ್ಲಿ ಪ್ರೀತಿ ಇರಲಿಲ್ಲ, ನೋವಾಗುವಷ್ಟು ಬಿಗಿಯಿತ್ತು. ಬಸ್ಸಿನ ಮೆಟ್ಟಿಲು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ತಾನು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.

ಬಸ್ಸು ಹಳೆಯ ಚಿಮಣಿ ದಾಟಿ ಏರಿಗೆ ಬಂದಾಗ ಹಿಂದೆ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ಆರನೇ ಲೈನು ಇದ್ದ ಕಡೆ ಕೆಂಪು ದೂಳು ಎದ್ದಿತ್ತು. ಬೋರಯ್ಯ ತಿರುಗಲಿಲ್ಲ. ದಾಖಲೆಯಲ್ಲಿ ತೆರಪಿಗೆ ಕಾರಣ ಕೇಳುತ್ತದಂತಲ್ಲ ಎಂದ. ಹದಿಮೂರು ವರ್ಷ ಅದೇ ಕೋಣೆಯಲ್ಲಿ ಇದ್ದವನಿಗೆ ಅಷ್ಟು ಗೊತ್ತಿತ್ತು.

"ನನ್ ಹೆಸ್ರು ಬರೀತೀಯಾ ಪಾಲಿ?"

ಪಾಲಮ್ಮ ಮಣೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

"ಬರ್ದೇ ಬಂದೆ," ಎಂದಳು.